ಅತ್ತೆಯ ಹೆಸರಿನ ಕೆಳಗಿನ ಸೊನ್ನೆಗಳು

ನನಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ. ಬೈಲಹೊಂಗಲದಲ್ಲಿ ಸಂಸಾರ ಮಾಡಿಕೊಂಡಿರುವ ಹೆಂಗಸೊಬ್ಬಳು ಈ ಮಾತನ್ನು ಬರೆದು ಕೆಳಗೆ ತನ್ನ ಹೆಸರು ಹಾಕುವುದು ಸಣ್ಣ ಧೈರ್ಯವಲ್ಲ. ಬರುವುದೇ ಇಲ್ಲ ಎಂದೇನಲ್ಲ. ಹಿಟ್ಟು ನಾದುತ್ತೇನೆ, ಬಡಿಯುತ್ತೇನೆ, ಹಂಚಿಗೂ ಹಾಕುತ್ತೇನೆ. ಹಂಚಿನಿಂದ ಇಳಿದ ವಸ್ತುವಿಗೆ ರೊಟ್ಟಿ ಎನ್ನಬಹುದೇ ಎಂಬಲ್ಲಿ ಮಾತ್ರ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಸಮರ್ಥನೆ ಭೂಗೋಳಕ್ಕೆ ಸಂಬಂಧಿಸಿದ್ದು. ನಾನು ಕಿತ್ತೂರಿನ ಕಡೆಯವಳು. ಕಿತ್ತೂರು ದಾಟಿ ಪಡುವಣಕ್ಕೆ ತುಸು ಹೋದರೆ ಭತ್ತದ ಗದ್ದೆಗಳು ಶುರುವಾಗುತ್ತವೆ, ಹಾಗಾಗಿ ನನ್ನ ತವರಿನಲ್ಲಿ ಬರೀ ಅನ್ನ ಉಂಡು ಏಳುವುದಕ್ಕೆ ಯಾರೂ ನಾಚುತ್ತಿರಲಿಲ್ಲ. ನಮ್ಮ ಅತ್ತೆ ಸವದತ್ತಿ ತಾಲ್ಲೂಕಿನ ಹೂಲಿಯವರು. ಎರೆಹೊಲದ ಬಿಳಿಜೋಳ ಉಂಡು ಬೆಳೆದವರು. ಅವರ ಲೆಕ್ಕದಲ್ಲಿ ಅನ್ನವೆಂದರೆ ಊಟ ಮುಗಿದ ಮೇಲೆ ಬಾಯಾಡಿಸುವ ಪದಾರ್ಥ.

ಹಾಗಾದರೆ ನಿನಗೆ ಬರುವುದಾದರೂ ಏನು ಎಂದು ನೀವು ಕೇಳಬಹುದು. ಅತ್ತೆ ಕೇಳಿಲ್ಲ, ಅದು ಅವರ ದೊಡ್ಡತನ. ನಾನು ಡಿಪ್ಲೊಮಾ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಹೇಳುತ್ತೇನೆ. ಯಂತ್ರಗಳನ್ನು ವಿನ್ಯಾಸ ಮಾಡುವ ವಿಧಾನಗಳು ಎಂಬುದು ನನ್ನ ವಿಷಯ. ಅದರಲ್ಲೂ ತೀರ್ಮಾನ ತೆಗೆದುಕೊಳ್ಳುವುದು ಹೇಗೆ ಎಂಬ ಅಧ್ಯಾಯದ ಮೇಲೆ ನನಗೆ ವಿಶೇಷ ಪ್ರೀತಿ. ಮನುಷ್ಯ ಸಾಮಾನ್ಯವಾಗಿ ತೀರ್ಮಾನವನ್ನು ಮೊದಲು ಮಾಡಿ ಕಾರಣವನ್ನು ಆಮೇಲೆ ಹುಡುಕುತ್ತಾನೆ. ಎಂಜಿನಿಯರು ಹಾಗೆ ಮಾಡಕೂಡದು. ಅವನು ಒಂದು ಕೆಲಸ ಮಾಡಲು ಇರುವ ದಾರಿಗಳನ್ನೆಲ್ಲ ಬರೆಯಬೇಕು, ತನಗೆ ಬೇಕಾದ ಗುಣಗಳನ್ನೆಲ್ಲ ಬರೆಯಬೇಕು, ಎರಡನ್ನೂ ಸೇರಿಸಿ ಒಂದು ತಖ್ತೆ, ಅಂದರೆ ಕೋಷ್ಟಕ, ಹಾಕಬೇಕು, ಯಾವ ಗುಣ ಎಷ್ಟು ಮುಖ್ಯ ಎಂದು ತೂಕ ಕೊಡಬೇಕು. ಆಮೇಲೆ ಯಾರು ಗೆದ್ದರೋ ಅವರೇ ಗೆದ್ದಂತೆ. "ತೀರ್ಮಾನ ನೀವು ಮಾಡಬೇಡಿ, ತಖ್ತೆ ಮಾಡಲಿ" ಎಂದು ನಾನು ವರ್ಷ ವರ್ಷವೂ ಹೇಳುತ್ತೇನೆ. ಹುಡುಗರು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆಯುತ್ತಾರೆ.

ಒಮ್ಮೆ ನನ್ನ ವಿದ್ಯಾರ್ಥಿಗಳ ಗುಂಪೊಂದು ಶೇಂಗಾ ಸುಲಿಯುವ ಯಂತ್ರ ಮಾಡಲು ಹೊರಟಿತು. ಕೈಯಿಂದ ತಿರುಗಿಸುವುದೋ, ಪೆಡಲ್ ತುಳಿಯುವುದೋ, ಮೋಟರಿನದೋ ಎಂಬುದು ಪ್ರಶ್ನೆ. ತಖ್ತೆ ಹಾಕಿದಾಗ ಕೈಯಂತ್ರ ಗೆದ್ದಿತು. ಹುಡುಗರು ಮರುದಿನ ಬಂದು ತೂಕಗಳನ್ನು ತುಸು ಬದಲಿಸಿದ್ದೇವೆಂದರು. ಆಗ ಪೆಡಲ್ ಗೆದ್ದಿತು. ಇನ್ನೊಮ್ಮೆ ಬದಲಿಸಿದರು. ಕೊನೆಗೆ ಮೋಟರು ಗೆದ್ದ ದಿನ ತಖ್ತೆಯ ಕಾಗದ ಅಳಿಸಿ ಅಳಿಸಿ ತೂತು ಬಿದ್ದಿತ್ತು. ಯಾಕಪ್ಪಾ ಇಷ್ಟು ಕಷ್ಟ ಎಂದು ಕೇಳಿದೆ. ಅವರಲ್ಲಿ ಒಬ್ಬ ಸಂಕೋಚವಿಲ್ಲದೆ "ಮೇಡಂ, ಹಳೇ ಮೋಟರ ಮನ್ಯಾಗ ಬಿದ್ದೈತ್ರಿ" ಅಂದ. ನಾನು ಅಂಕ ಕಳೆದೆ. ಅವನ ಉತ್ತರದಲ್ಲಿದ್ದ ವಿಜ್ಞಾನ ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲಿ ತಖ್ತೆ ಹಾಕಿದ ಮೇಲೆ.

ಅತ್ತೆಯ ಮಂಡಿಗಳು ಬಹಳ ದಿನದಿಂದ ದೂರು ಹೇಳುತ್ತಿದ್ದವು. ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರು ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು, ಇನ್ನು ಮುಂದೆ ನೆಲದ ಮೇಲೆ ಕೂಡುವಂತಿಲ್ಲ ಎಂದರು. ಅತ್ತೆ ಗುಳಿಗೆ ಕೇಳಲಿಲ್ಲ, ಪಥ್ಯ ಕೇಳಲಿಲ್ಲ. "ಹಂಗಾರ ರೊಟ್ಟಿ ಹೆಂಗ ಬಡೀಲ್ರಿ?" ಎಂದು ಕೇಳಿದರು. ಡಾಕ್ಟರು ನಗುತ್ತ "ಸೊಸಿ ಬಡೀತಾರಲ್ಲಬೇ" ಅಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ನಮ್ಮಿಬ್ಬರ ಅಭಿಪ್ರಾಯ ಅಷ್ಟು ಪೂರ್ತಿಯಾಗಿ ಒಂದಾದದ್ದು ಅದೇ ಮೊದಲು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದರು. ಅವರ ಸಂಕಟ ನನಗೆ ತಿಳಿಯದ್ದೇನಲ್ಲ. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಕಲ್ಲಿನ ಮುಂದೆ ಅವರು ಕುಳಿತರೆಂದರೆ ಮನೆಯ ಯಜಮಾನಿಕೆ ಯಾರದೆಂದು ಯಾರೂ ಕೇಳಬೇಕಿರಲಿಲ್ಲ. ಮನೆಯ ಖರ್ಚು ಮಗನ ಕೈಗೆ ಹೋಗಿತ್ತು, ಟಿವಿ ಮೊಮ್ಮಗಳ ಕೈಗೆ ಹೋಗಿತ್ತು. ರೊಟ್ಟಿ ಒಂದು ಅವರ ಕೈಯಲ್ಲಿ ಉಳಿದಿತ್ತು. ಅದೂ ಹೋದರೆ ಅವರು ನಮ್ಮ ಮನೆಯಲ್ಲಿ ಉಂಡು ಕೂಡುವವರಾಗುತ್ತಾರೆ. ಹೂಲಿಯ ಹೆಂಗಸಿಗೆ ಅದಕ್ಕಿಂತ ಮಂಡಿನೋವು ಮೇಲು.

ಇದು ವಿನ್ಯಾಸದ ಸಮಸ್ಯೆ ಎಂದು ನನಗೆ ಬಸ್ಸಿಳಿಯುವ ಮೊದಲೇ ಹೊಳೆಯಿತು. ಎಂಜಿನಿಯರಿಗೆ ಮರುಕ ಬಂದರೆ ಅವಳು ಪೆನ್ಸಿಲು ಹುಡುಕುತ್ತಾಳೆ.

ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯ ಹಿಂಬದಿಗೆ ತಖ್ತೆ ಹಾಕಿದೆ. ದಾರಿಗಳು ಹೀಗಿದ್ದವು. ಅತ್ತೆ ನಿಂತು ಅಡುಗೆಕಟ್ಟೆಯ ಮೇಲೆ ಬಡಿಯುವುದು. ಕುರ್ಚಿಯ ಮೇಲೆ ಕುಳಿತು ಅದಕ್ಕೆ ತಕ್ಕ ಎತ್ತರದ ಮೇಜಿನ ಮೇಲೆ ಬಡಿಯುವುದು. ರೊಟ್ಟಿ ಒತ್ತುವ ಯಂತ್ರ ತರುವುದು. ರಾಮದುರ್ಗದಿಂದ ಬರುವ ಪಾಕೀಟಿನ ಖಡಕ್ ರೊಟ್ಟಿ ತರುವುದು. ಕೊನೆಯದಾಗಿ, ಶಾಸ್ತ್ರಕ್ಕೆ ಲೋಪ ಬರಬಾರದೆಂದು, ಸೊಸೆ ಬಡಿಯುವುದು. ಎಡಗಡೆಗೆ ಗುಣಗಳು: ರುಚಿ, ತೆಳುವು, ಮಂಡಿಗೆ ಹಿತ, ಹೊತ್ತು, ಜಾಗ, ಸೊಸೆಯ ಶ್ರಮ. ಈ ಕೊನೆಯದನ್ನು ಬರೆಯುವಾಗ ನನ್ನ ಕೈ ತುಸು ಒತ್ತಿ ಬರೆಯಿತು. ಅದರ ತೂಕ ರುಚಿಯ ತೂಕಕ್ಕಿಂತ ಹೆಚ್ಚಾದದ್ದು ಹೇಗೆಂದು ಈಗ ಕೇಳಿದರೆ, ನಮ್ಮ ಮನೆಯಲ್ಲೂ ಒಂದು ಹಳೇ ಮೋಟರು ಬಿದ್ದಿತ್ತು ಎನ್ನಬೇಕಾದೀತು.

ತಖ್ತೆ ತುಂಬಲು ನಾನು ಆರಿಸಿಕೊಂಡದ್ದು ಸುಲಭದ ವಿಧಾನ. ಇದರಲ್ಲಿ ಸದ್ಯ ನಡೆದಿರುವ ಪದ್ಧತಿಯನ್ನು ಆಧಾರವೆಂದು ಹಿಡಿಯುತ್ತೇವೆ. ಹೊಸ ದಾರಿ ಅದಕ್ಕಿಂತ ಒಳ್ಳೆಯದಾದರೆ ಕೂಡುವ ಗುರುತು, ಕೆಟ್ಟದಾದರೆ ಕಳೆಯುವ ಗುರುತು. ಆಧಾರದ ಸಾಲಿಗೆ ಮಾತ್ರ ಉದ್ದಕ್ಕೂ ಸೊನ್ನೆ. ತನ್ನನ್ನು ತನ್ನೊಡನೆಯೇ ಹೋಲಿಸಿದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಹಾಗಾಗಿ ಸೊನ್ನೆ. ಪಾಠದಲ್ಲಿ ಇದು ಒಂದೇ ಸಾಲಿನ ಮಾತು, ಯಾವ ಹುಡುಗನೂ ಇಷ್ಟು ವರ್ಷ ಇದರ ಬಗ್ಗೆ ಪ್ರಶ್ನೆ ಕೇಳಿದ್ದಿಲ್ಲ. ನಮ್ಮ ಮನೆಯ ಸದ್ಯದ ಪದ್ಧತಿ ಅತ್ತೆ ನೆಲದ ಮೇಲೆ ಕುಳಿತು ಬಡಿಯುವುದಾದ್ದರಿಂದ, ನಾನು ಆಧಾರದ ಸಾಲಿನ ತಲೆಗೆ "ಅತ್ತೆ" ಎಂದು ದುಂಡಗೆ ಬರೆದೆ. ಅದರ ಕೆಳಗೆ ಮೇಲಿನಿಂದ ಕೊನೆಯತನಕ ಸೊನ್ನೆ ಹಾಕಿದೆ. ಸೊನ್ನೆಗಳು ಒಂದರ ಕೆಳಗೊಂದು ಚೆಂದ ಕೂತವು. ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ ಕಾಲೇಜಿಗೆ ಹೋದೆ.

ಮನೆಯಲ್ಲಿ ಕನ್ನಡ ಓದಲು ಬರುವವರು ನಾನೊಬ್ಬಳೇ ಎಂಬಂತೆ ಯಾಕೆ ನಡೆದುಕೊಂಡೆನೋ ಗೊತ್ತಿಲ್ಲ. ಅತ್ತೆ ಹೂಲಿಯ ಕನ್ನಡ ಸಾಲೆಗೆ ಹೋದವರು. ದಿನವೂ ಪಂಚಾಂಗ ನೋಡುತ್ತಾರೆ, ಬಸ್ಸಿನ ಬೋರ್ಡು ನನಗಿಂತ ಮೊದಲು ಓದುತ್ತಾರೆ. ಸಂಜೆ ಬಂದಾಗ ಅವರು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕುಳಿತಿದ್ದರು.

"ಇದನ್ನ ನೀನ ಬರದೀ?"

"ಹೂನ್ರಿ ಅತ್ತಿ."

"ನನ್ನ ಹೆಸರಿನ ಕೆಳಗ ಎಲ್ಲಾ ಸೊನ್ನಿ ಅದಾವಲ್ಲ."

"ಅದು ಹಂಗಲ್ಲರಿ..."

"ರುಚಿ ಅಂತ ಬರದೀದಿ. ಅಲ್ಲೂ ಸೊನ್ನಿ ಐತಿ. ರಾಮದುರ್ಗದ ಪಾಕೀಟಿಗೆ ಒಂದೆರಡ ಕಡೆ ಕೂಡೂ ಗುರ್ತರೆ ಅದಾವ. ನನಗ ಅವೂ ಇಲ್ಲ."

ನಾನು ಚೀಲ ಕೆಳಗಿಟ್ಟು ಪಾಠ ಶುರು ಮಾಡಿದೆ. ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ, ಉಳಿದವರನ್ನೆಲ್ಲ ನಿಮ್ಮಿಂದ ಅಳೆಯುತ್ತೇವೆ ಎಂದು ಅರ್ಥ ಎಂದೆ. ಅವರ ಮುಖ ಬದಲಾಗಲಿಲ್ಲ. ಉದಾಹರಣೆ ಕೊಡದೆ ಯಾವ ವಿದ್ಯಾರ್ಥಿಗೂ ತಿಳಿಯುವುದಿಲ್ಲವಲ್ಲ, ಸಮುದ್ರದ ಉದಾಹರಣೆ ಕೊಟ್ಟೆ. ಧಾರವಾಡದ ರೈಲು ಸ್ಟೇಷನ್ನಿನ ಹಳದಿ ಫಲಕದ ಮೇಲೆ ಆ ಊರು ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತಾರೆ. ಅದನ್ನು ಎಲ್ಲಿಂದ ಅಳೆಯುತ್ತಾರೆ? ಸಮುದ್ರದಿಂದ. ಗುಡ್ಡ ಬೆಟ್ಟಗಳನ್ನೆಲ್ಲ ಸಮುದ್ರದಿಂದಲೇ ಅಳೆಯುವುದು. ಹಾಗೆಂದು ಸಮುದ್ರದ ಎತ್ತರ ಎಷ್ಟು? ಸೊನ್ನೆ. ಸಮುದ್ರ ಸಣ್ಣದೇ?

"ಎಲ್ಲಾರೂ ಅದರಿಂದ ಅಳಕೊಂಡು ಮ್ಯಾಲ ಹೋದ್ರು" ಅಂದರು ಅತ್ತೆ. "ಸಮುದ್ರಕ್ಕ ಏನ ಸಿಕ್ತು?"

ಅಷ್ಟರಲ್ಲಿ ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದರು. ಅವರದು ಬೀಜ ಗೊಬ್ಬರದ ಅಂಗಡಿ. ಹೆಂಡತಿಯ ಮುಖ, ತಾಯಿಯ ಮುಖ, ಬಾಗಿಲ ಮೇಲಿನ ಹಾಳೆ ಮೂರನ್ನೂ ನೋಡಿ "ನೋಡೂಣು" ಅಂದು ಕಾಲು ತೊಳೆಯಲು ಹೋದರು.

ಈ "ನೋಡೂಣು" ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನಮ್ಮ ಭಾಗದ ತೀರ್ಮಾನಶಾಸ್ತ್ರ ನಿಂತಿರುವುದೇ ಅದರ ಮೇಲೆ. ಕೇಳಿದವರಿಗೆ ಅದು ಹೂಂ ಎಂದು ಕೇಳಿಸುತ್ತದೆ, ಹೇಳಿದವರ ಮನಸ್ಸಿನಲ್ಲಿ ಬಹಳ ಸಲ ಅದು ಊಹೂಂ ಆಗಿರುತ್ತದೆ, ಆದರೆ ಯಾರ ಮುಖವೂ ಸಣ್ಣದಾಗುವುದಿಲ್ಲ. ಬೀಜ ಕೊಳ್ಳಲು ಬಂದವರು ನೋಡೂಣು ಎನ್ನುತ್ತಾರೆ, ಹೆಣ್ಣು ನೋಡಿದವರು ನೋಡೂಣು ಎನ್ನುತ್ತಾರೆ, ರಜೆ ಕೇಳಿದರೆ ನಮ್ಮ ಪ್ರಾಚಾರ್ಯರೂ ನೋಡೂಣು ಎನ್ನುತ್ತಾರೆ. ತಖ್ತೆಯಲ್ಲಿ ಇದಕ್ಕೆ ಏನು ಗುರುತು ಹಾಕಬೇಕೆಂದು ನಾನು ಬಹಳ ಯೋಚಿಸಿದ್ದೇನೆ. ಕೂಡುವುದೂ ಅಲ್ಲ, ಕಳೆಯುವುದೂ ಅಲ್ಲ. ನಮ್ಮ ಮನೆಯವರ ಸಂಸಾರವಿಡೀ ತಖ್ತೆಯ ಆ ಖಾಲಿ ಮನೆಯಲ್ಲಿ ಸುಖವಾಗಿ ನಡೆದುಕೊಂಡು ಬಂದಿದೆ.

ಮರುದಿನ ಬೆಳಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ. ಡಾಕ್ಟರು ಹೇಳಿದ ಮೇಲೂ ಅತ್ತೆ ಯಾರ ಮಾತೂ ಕೇಳದೆ ನೆಲದ ಮೇಲೆಯೇ ಕುಳಿತು ಬಡಿಯುತ್ತಿದ್ದರು, ಆಮೇಲೆ ಏಳಲು ಬಾಗಿಲ ಚೌಕಟ್ಟು ಹಿಡಿಯುತ್ತಿದ್ದರು. ಅಂದು ಎಸರೂ ಇಡಲಿಲ್ಲ. ಕುರ್ಚಿಯ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಸೊನ್ನಿ ಬಂದಾಕಿ ಯಾಕ ಬಡೀಬೇಕು? ತಖ್ತಿಯೊಳಗ ಯಾರ ಗೆದ್ದಾರೋ ಅವರ ಬಡೀಲಿ" ಅಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಅನಿಸುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗರು ಫಲಿತಾಂಶದ ಹಾಳೆ ಓದಿ ಹೋಗುವಾಗ ಮಾತಾಡುವ ದನಿ ಅದು. ಆ ದನಿ ನನಗೆ ಚೆನ್ನಾಗಿ ಗೊತ್ತು, ನನ್ನ ಕೋಣೆಯ ಹೊರಗೆ ಅದನ್ನು ವರ್ಷಕ್ಕೆರಡು ಸಲ ಕೇಳುತ್ತೇನೆ. ನನಗೆ ಬಹಳ ಕೆಟ್ಟದೆನಿಸಿತು.

ಮನೆ ಅನ್ನಕ್ಕೆ ಇಳಿಯಿತು. ನಮ್ಮ ಮನೆಯವರು ಉಂಡರು, ಉಂಡ ಮೇಲೆಯೂ ಯಾವುದೋ ಬರಬೇಕಾದ್ದು ಬಂದಿಲ್ಲವೆಂಬಂತೆ ತಟ್ಟೆಯ ಮುಂದೆ ಕುಳಿತಿದ್ದರು. ನಾನು ಒಂದು ಸಂಜೆ ಬಡಿದೆ. ಅದರ ವಿವರ ಬೇಡ. ಹಾಳೆಯನ್ನು ಬಾಗಿಲಿಂದ ಕಿತ್ತು ಹರಿದು ಹಾಕಿದೆ. ಇದರಿಂದ ಸಂಗತಿ ಇನ್ನೂ ಕೆಟ್ಟಿತು. "ತಗದಿ ಅಂದಮ್ಯಾಲ ಖರೇನ ಇತ್ತು ಅಂದಂಗಾತು" ಎಂದು ಅತ್ತೆ ಕಿಟಕಿಗೆ ಹೇಳಿದರು.

ಬೇರೆ ದಾರಿ ಕಾಣದೆ, ತಖ್ತೆಯಲ್ಲಿ ಬರೆದಿದ್ದ ಕುರ್ಚಿ ಮೇಜಿನ ದಾರಿಯನ್ನೇ ಹಿಡಿದು ಮಕ್ತುಂಸಾಬರ ಹತ್ತಿರ ಹೋದೆ. ಸವದತ್ತಿ ರಸ್ತೆಯಲ್ಲಿ ಅವರ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರಾಲಿ ಕಟ್ಟುತ್ತಾರೆ, ಬಿತ್ತುವ ಕೂರಿಗೆ ರಿಪೇರಿ ಮಾಡುತ್ತಾರೆ. ಕಬ್ಬಿಣದ ಒಂದು ಗಟ್ಟಿ ಚೌಕಟ್ಟು ಬೇಕು, ಮೇಲೆ ರೊಟ್ಟಿ ಬಡಿಯುವ ಕಲ್ಲು ಕೂಡಬೇಕು, ಮಗ್ಗುಲಿಗೆ ಒಲೆ ಇಡಲು ಇನ್ನೊಂದು ಬೇಕು, ಬಡಿದರೆ ಅಲುಗಾಡಬಾರದು ಎಂದೆ.

"ಎತ್ತರ ಎಷ್ಟ ಇಡ್ಲಿರಿ ಅಕ್ಕಾರ?" ಅಂದರು.

ನಿಂತು ಕೆಲಸ ಮಾಡುವವರ ಕಟ್ಟೆಯ ಎತ್ತರ ಪುಸ್ತಕದಲ್ಲಿದೆ, ಕುಳಿತು ಬರೆಯುವವರ ಮೇಜಿನ ಎತ್ತರವೂ ಇದೆ. ಕುರ್ಚಿಯಲ್ಲಿ ಕುಳಿತು ರೊಟ್ಟಿ ಬಡಿಯುವ ಹೂಲಿಯ ಹೆಂಗಸಿನ ಎತ್ತರ ಇಲ್ಲ. ಮನೆಗೆ ಹೋಗಿ ಅಳೆಯಬಹುದಿತ್ತು. ಆದರೆ ಸೊನ್ನೆ ಕೊಟ್ಟವಳೇ ಟೇಪು ಹಿಡಿದು ಎದುರಿಗೆ ನಿಲ್ಲುವ ಧೈರ್ಯ ನನಗಿರಲಿಲ್ಲ. "ಕಾಲಿಗೆ ಸಾಲಾಗಿ ತೂತ ಹಾಕ್ರಿ, ನಟ್ಟ ಬೋಲ್ಟ ಕೊಡ್ರಿ, ಬೇಕಾದಂಗ ಏರಿಸಿ ಇಳಿಸಬಹುದು" ಎಂದೆ.

ಇದನ್ನು ವಿನ್ಯಾಸದ ಭಾಷೆಯಲ್ಲಿ ಹೊಂದಾಣಿಕೆಯ ಸೌಲಭ್ಯ ಎಂದು ಹೊಗಳುತ್ತೇವೆ. ನಿಜ ಹೇಳಬೇಕೆಂದರೆ ಅದು ತೀರ್ಮಾನ ಮಾಡಲಾಗದವರು ಕಬ್ಬಿಣದಲ್ಲಿ ಬರೆದ ನೋಡೂಣು. ಲೋಕದಲ್ಲಿ ಏರಿಸಿ ಇಳಿಸುವ ಕುರ್ಚಿ, ಹಿಗ್ಗಿಸಿ ಕುಗ್ಗಿಸುವ ಬೆಲ್ಟು, ಜಗ್ಗಿದರೆ ಉದ್ದವಾಗುವ ಏಣಿ ಎಲ್ಲಿ ಕಂಡರೂ ಯಾವನೋ ಎಂಜಿನಿಯರು ಅಲ್ಲಿ ಕೈಚೆಲ್ಲಿದ್ದಾನೆಂದು ತಿಳಿಯಿರಿ. ಇಷ್ಟು ವರ್ಷ ನೋಡೂಣು ಎಂದ ಗಂಡನನ್ನು ಆಡಿಕೊಂಡವಳು ನಾನು, ಈಗ ಅದನ್ನೇ ವೆಲ್ಡಿಂಗ್ ಮಾಡಿಸುತ್ತಿದ್ದೆ.

ಮಕ್ತುಂಸಾಬರೇ ಚೌಕಟ್ಟನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಅಡುಗೆಮನೆಯಲ್ಲಿ ಜೋಡಿಸಿದರು. ಅತ್ತೆ ಬಾಗಿಲಲ್ಲಿ ನಿಂತು, ತಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮುಖದಲ್ಲಿ, ಒಂದೊಂದು ಬೋಲ್ಟನ್ನೂ ನೋಡಿದರು.

"ಅವ್ವಾರ, ಕುಂತ ನೋಡ್ರಿ. ಎತ್ತರ ನೀವ ಹೇಳಬೇಕು" ಅಂದರು ಮಕ್ತುಂಸಾಬರು.

"ನನ್ನ ಯಾಕ ಕೇಳ್ತಿ? ತಖ್ತೀನ ಕೇಳು."

ಅವರಿಗೆ ಅರ್ಥವಾಗಲಿಲ್ಲ. ಬೋಲ್ಟು ಬಿಗಿಯುವ ಪಾನಾ ಹಿಡಿದು ನನ್ನ ಕಡೆ ತಿರುಗಿದರು. ನಾನು "ಹರದ ಹಾಕೇನ್ರಿ ಅತ್ತಿ. ನನಗ ಎತ್ತರ ತಿಳೀವಲ್ದು. ನೀವ ಹೇಳ್ರಿ" ಎಂದೆ. ಅತ್ತೆ ನನ್ನ ಮಾತಿಗೆ ಕರಗಿದರೆಂದು ನಾನು ನಂಬಿಲ್ಲ. ಮನೆಗೆ ಬಂದ ಮನುಷ್ಯ ಕೈಯಲ್ಲಿ ಪಾನಾ ಹಿಡಿದು ಸುಮ್ಮನೆ ನಿಲ್ಲುವುದನ್ನು ಅತ್ತೆಯಿಂದ ನೋಡಲಾಗುವುದಿಲ್ಲ, ಅಷ್ಟೇ. ಬಂದು ಕುರ್ಚಿಯ ಮೇಲೆ ಕುಳಿತರು. ಬರೀ ಕಲ್ಲಿನ ಮೇಲೆ ಅಂಗೈ ಬಡಿದು ನೋಡಿದರು. "ಭುಜ ಏರ್ತೈತಿ. ಇಳಸು." ಇಳಿಸಿದರು. "ಈಗ ಬೆನ್ನ ಬಾಗತೈತಿ." ಏರಿಸಿದರು. ಹೀಗೆ ಕಬ್ಬಿಣದ ಕಾಲುಗಳು ಮೇಲೆ ಕೆಳಗೆ ಆಡುತ್ತ ಆಡುತ್ತ ಒಂದು ತೂತಿಗೆ ಬಂದಾಗ ಅತ್ತೆಯ ಅಂಗೈ ಕಲ್ಲಿನ ಮೇಲೆ ಸಲೀಸಾಗಿ ಆಡತೊಡಗಿತು. ಮಕ್ತುಂಸಾಬರು ಬೋಲ್ಟು ಬಿಗಿದು, ಚಹಾ ಕುಡಿದು ಹೋದರು.

ಅವರು ಹೋದ ಮೇಲೆ ಅತ್ತೆ ನನಗೆ "ಎಸರ ಇಡು" ಅಂದರು.

ನೀರು ಕುದಿಯಿತು. ಹಿಟ್ಟು ಹಾಕಿ ನಾದಿದರು. ಮೊದಲ ರೊಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಹರಿಯಿತು, ಮುದ್ದೆ ಮಾಡಿ ಮತ್ತೆ ಬಡಿದರು. ನೆಲದ ಮೇಲೆ ಕುಳಿತಾಗ ಅವರ ಇಡೀ ಮೈ ಬಡಿಯುತ್ತಿತ್ತು, ಕುರ್ಚಿಯ ಮೇಲೆ ಬರೀ ತೋಳು ಬಡಿಯುತ್ತಿತ್ತು. ಆ ವ್ಯತ್ಯಾಸ ಸದ್ದಿನಲ್ಲೇ ತಿಳಿಯುತ್ತಿತ್ತು. ಹಣೆ ಬೆವೆತಿತ್ತು. ಕೊನೆಗೆ ಒಂದು ರೊಟ್ಟಿ ಹಂಚಿಗೆ ಬಿತ್ತು, ಒದ್ದೆ ಬಟ್ಟೆಯಿಂದ ನೀರು ಸವರಿದರು, ತಿರುವಿದರು, ತೆಗೆದರು. ಅದು ನನ್ನ ತಟ್ಟೆಗೆ ಬಂತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಹೂಲಿಯ ರೊಟ್ಟಿ ಅದಾಗಿರಲಿಲ್ಲ. ನಡುವೆ ದಪ್ಪಗಿತ್ತು, ಒಂದು ಕಡೆ ಅಂಚು ಸೀಳಿತ್ತು. ಬರೀ ನಿನ್ನೆ ಮೊನ್ನೆಯವರೆಗೆ ಇದೇ ಕೈ ಎಷ್ಟು ತೆಳ್ಳಗೆ ಬಡಿಯುತ್ತಿತ್ತೆಂದು ನೆನೆಯುತ್ತ ಒಂದು ತುಂಡು ಮುರಿದು ಬಾಯಿಗಿಟ್ಟೆ.

"ಹೆಂಗ ಆಗೇತಿ? ಹೇಳು" ಅಂದರು ಅತ್ತೆ.

ಅಂಕ ಕೊಡುವುದು ನನ್ನ ಹೊಟ್ಟೆಪಾಡು. ಹುಡುಗರು ಅತ್ತರೂ, ಅವರ ಅಪ್ಪಂದಿರು ಬಂದು ಕೈಮುಗಿದರೂ ನಾನು ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು, "ಮೊದಲಿನಂಗ ಐತ್ರಿ ಅತ್ತಿ."

"ಸಾಲಿ ಕಲಸಾಕಿ ಸುಳ್ಳ ಹೇಳಬಾರದು" ಅಂದರು ಅವರು. "ದಪ್ಪ ಆಗೇತಿ. ಅಂಚ ಸೀಳೇತಿ. ನನಗೇನ ಕಣ್ಣ ಇಲ್ಲೇನ?" ನನ್ನ ತಟ್ಟೆಯ ಕಡೆ ಇನ್ನೊಮ್ಮೆ ಬಾಗಿ ಆ ರೊಟ್ಟಿಯನ್ನು ಚೆನ್ನಾಗಿ ನೋಡಿದರು. ಆಮೇಲೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ, ತರಕಾರಿಯವನಿಗೆ ನಾಳೆ ಬಾ ಎನ್ನುವಷ್ಟು ಸಾದಾ ದನಿಯಲ್ಲಿ, "ಹಳೇದೆಲ್ಲಾ ಅಳಸಿಬಿಡು. ಇನ್ನ ಇದ ಸೊನ್ನಿ. ಇಲ್ಲಿಂದ ಎಣಸು" ಅಂದರು.

ಆಧಾರವನ್ನು ನಡುವೆ ಬದಲಿಸಬಹುದೇ, ಬದಲಿಸುವ ಅಧಿಕಾರ ಯಾರದು ಎಂದು ವಿದ್ಯಾರ್ಥಿ ಯಾರಾದರೂ ಕೇಳಿದ್ದರೆ ನಾನು ಎದ್ದು ಹೋಗಿ ಪುಸ್ತಕ ನೋಡುತ್ತಿದ್ದೆ. ಅಂದು ನೋಡಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಒಲೆಯ ಕಡೆ ಮುಖ ಮಾಡಿ ಶಾಖದ ನೆಪ ಹೇಳಿದೆ. ಎರಡನೆಯ ರೊಟ್ಟಿ ಹಂಚಿನ ಮೇಲೆ ಒಂದು ಮಗ್ಗುಲಿಗೆ ಉಬ್ಬುತ್ತಿತ್ತು. ಮೊದಲಿನದಕ್ಕಿಂತ ತೆಳುವೋ ದಪ್ಪವೋ ಎಂದು ಅತ್ತೆ ಬಾಗಿ ನೋಡುತ್ತಿದ್ದರು. ನಾನು ತಟ್ಟೆ ಮುಂದೆ ಚಾಚಿದೆ.